ಮುಂದೆ ನಿಂತು ನಡೆಸುವವರ ಶೋಕ

ಹಠಾತ್ತನೆ ಸಾವು ಸಂಭವಿಸಿದ ಮನೆಯಲ್ಲಿ ಸಂತಾಪಕ್ಕೂ ಒಂದು ಸರದಿ ಇರುತ್ತದೆ. ಬಂದವರು ಮೊದಲು ತಾಯಿಯ ಬಳಿ, ಬಳಿಕ ಹೆಂಡತಿಯ ಅಥವಾ ಗಂಡನ ಬಳಿ, ಆಮೇಲೆ ಮಕ್ಕಳ ಬಳಿ ಕುಳಿತು ಎದ್ದು ಹೊರಡುವ ಹೊತ್ತಿಗೆ, ಸತ್ತವರ ಅಣ್ಣನೋ ತಮ್ಮನೋ ಶಾಮಿಯಾನದವರೊಡನೆ, ಪುರೋಹಿತರೊಡನೆ, ಆಂಬ್ಯುಲೆನ್ಸ್ ಚಾಲಕನೊಡನೆ ಮಾತನಾಡುತ್ತ ಗೇಟಿನ ಬಳಿಯೇ ನಿಂತಿರುತ್ತಾನೆ. ‘ಅಮ್ಮನನ್ನು ನೋಡಿಕೊಳ್ಳಪ್ಪ’, ‘ಅತ್ತಿಗೆಗೆ ಇನ್ನು ನೀನೇ ಧೈರ್ಯ’ ಎಂಬ ಮಾತುಗಳು ಅವನ ಪಾಲಿಗೆ ಬರುವ ಸಾಂತ್ವನ, ಮತ್ತು ಅವೆರಡೂ ವಾಸ್ತವದಲ್ಲಿ ಅವನಿಗೆ ವಹಿಸಲಾದ ಕೆಲಸಗಳು. ಒಡಹುಟ್ಟಿದವರ ದುಃಖವನ್ನು ಸಮಾಜ ಅಲ್ಲಗಳೆಯುತ್ತದೆಂದು ಹೇಳಲಾಗದು. ಆದರೆ ಅದಕ್ಕೆ ಹೊಣೆಗಳನ್ನು ಕೊಟ್ಟಷ್ಟು ಧಾರಾಳವಾಗಿ ಕೂರಲು ಜಾಗವನ್ನು ಕೊಟ್ಟಿಲ್ಲ.

ದೀರ್ಘ ಕಾಯಿಲೆಯ ಸಾವಿನಲ್ಲಿ ಈ ಹೊಣೆಗಳು ಹಲವು ತಿಂಗಳುಗಳಲ್ಲಿ ಹಂಚಿಹೋಗುತ್ತವೆ; ಹಠಾತ್ ಸಾವಿನಲ್ಲಿ ಅವು ಒಂದೇ ದಿನದಲ್ಲಿ ಒಟ್ಟಾಗಿ ಬಂದು ಬೀಳುತ್ತವೆ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಅಪಘಾತವಾದರೆ, ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಒಬ್ಬರು ಕಾರಣ ತಿಳಿಯದೆ ಸತ್ತರೆ, ಪೊಲೀಸರು ಅಸಹಜ ಸಾವಿನ ಪ್ರಕರಣ ದಾಖಲಿಸುತ್ತಾರೆ. ಶವವನ್ನೂ ಅದು ಸಿಕ್ಕ ಸ್ಥಿತಿಯನ್ನೂ ಸಾಕ್ಷಿಗಳ ಸಮಕ್ಷಮ ಬರೆದುಕೊಳ್ಳುವ ಶವಪಂಚನಾಮೆ, ಆನಂತರ ಮರಣೋತ್ತರ ಪರೀಕ್ಷೆ ನಡೆಯುತ್ತವೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮಿನಡಿ ನಡೆಯುತ್ತಿದ್ದ ಈ ವಿಚಾರಣೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿಗೆ ಸೇರಿದೆ. ಕಲಮು ಬದಲಾದರೂ ಶವಾಗಾರದ ಹೊರಗೆ ನಿಂತು ಗುರುತು ಹಿಡಿಯುವವರು ಬದಲಾಗಿಲ್ಲ. ತಂದೆತಾಯಿಗೆ ಅದನ್ನು ತೋರಿಸಬಾರದು, ಹೆಂಡತಿಗೆ ತೋರಿಸಲಾಗದು ಎಂಬ ಕಾರಣಕ್ಕೆ ಆ ಕೆಲಸ ಹೆಚ್ಚಾಗಿ ಒಡಹುಟ್ಟಿದವರಿಗೇ ಬರುತ್ತದೆ. ಹೆಬ್ಬಾಳದ ಅಥವಾ ಯಲಹಂಕದ ಮೇಡಿ ಅಗ್ರಹಾರದ ಚಿತಾಗಾರದಲ್ಲಿ ಸಮಯ ಗೊತ್ತುಮಾಡುವುದು, ಸಾವನ್ನು ಕಾನೂನಿನಂತೆ 21 ದಿನಗಳೊಳಗೆ ನೋಂದಾಯಿಸುವುದು, ಸತ್ತವರ ಮೊಬೈಲಿಗೆ ಬರುತ್ತಲೇ ಇರುವ ಕರೆಗಳಿಗೆ ಉತ್ತರಿಸುವುದು ಇದರ ಮುಂದುವರಿಕೆ. ಕೊನೆಯದು ಯಾವ ನಿಯಮಾವಳಿಯಲ್ಲೂ ಇಲ್ಲದ ಕೆಲಸ, ಮತ್ತು ಬಹುಶಃ ಎಲ್ಲಕ್ಕಿಂತ ಕಠಿಣವಾದದ್ದು.

ಒಡಹುಟ್ಟಿದವರ ಈ ಇಬ್ಬಗೆಯ ಸ್ಥಿತಿ ಕನ್ನಡ ನಾಡಿನ ಕಣ್ಣೆದುರು ಅತ್ಯಂತ ಬಹಿರಂಗವಾಗಿ ನಡೆದದ್ದು 2021ರ ಅಕ್ಟೋಬರ್ 29ರಂದು. ಆ ಬೆಳಿಗ್ಗೆ ನಟ ಶಿವರಾಜ್‌ಕುಮಾರ್ ಅವರ ‘ಭಜರಂಗಿ 2’ ಚಿತ್ರ ತೆರೆಕಂಡಿತ್ತು. ಅದರ ಬಿಡುಗಡೆಗೆ ಮುನ್ನ ನಡೆದ ಸಮಾರಂಭದಲ್ಲಿ ಪುನೀತ್ ರಾಜ್‌ಕುಮಾರ್ ಅಣ್ಣನೊಡನೆ ವೇದಿಕೆಯ ಮೇಲೆ ಹೆಜ್ಜೆ ಹಾಕಿ ಕೆಲವೇ ದಿನಗಳಾಗಿದ್ದವು. ಅದೇ ಬೆಳಿಗ್ಗೆ ಸದಾಶಿವನಗರದ ಮನೆಯಲ್ಲಿ ಪುನೀತ್ ಅವರಿಗೆ ಎದೆಯಲ್ಲಿ ಅಸ್ವಸ್ಥತೆ ಕಾಣಿಸಿಕೊಂಡು, ಸಮೀಪದ ವೈದ್ಯರಲ್ಲಿಗೂ ಅಲ್ಲಿಂದ ಆಸ್ಪತ್ರೆಗೂ ಕರೆದೊಯ್ದರೂ ಜೀವ ಉಳಿಯಲಿಲ್ಲ. 1975ರ ಮಾರ್ಚ್ 17ರಂದು ಹುಟ್ಟಿದ್ದ ಅವರಿಗೆ ಆಗ 46 ವರ್ಷ. ರಾಜ್‌ಕುಮಾರ್ ಮತ್ತು ಪಾರ್ವತಮ್ಮ ದಂಪತಿಯ ಐವರು ಮಕ್ಕಳಲ್ಲಿ ಅವರು ಕೊನೆಯವರು; ಹಿರಿಯರಾದ ಶಿವರಾಜ್‌ಕುಮಾರ್ ಅವರಿಗಿಂತ ಹನ್ನೆರಡು ವರ್ಷಕ್ಕೂ ಹೆಚ್ಚು ಚಿಕ್ಕವರು, ಅಂದರೆ ತಮ್ಮನೆಂಬುದಕ್ಕಿಂತ ಎತ್ತಿ ಆಡಿಸಿದ ಮಗುವೆಂಬ ಭಾವವೇ ಅಣ್ಣಂದಿರಲ್ಲಿ ಗಟ್ಟಿಯಾಗಿರಬಹುದಾದಷ್ಟು ವಯಸ್ಸಿನ ಅಂತರ.

ಆ ಮಧ್ಯಾಹ್ನದಿಂದ ಅಣ್ಣಂದಿರಿಬ್ಬರಿಗೆ ಬಂದ ಮೊದಲ ಕೆಲಸ, ಅಭಿಮಾನಿಗಳು ಶಾಂತಿಯಿಂದಿರಬೇಕೆಂದು ಕೈಮುಗಿದು ಕೇಳಿಕೊಳ್ಳುವುದು. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಹಿಂಸಾಚಾರ ನಡೆದು ಜೀವಹಾನಿಯಾಗಿತ್ತು. ಅದರ ನೆನಪು ಸರ್ಕಾರಕ್ಕೂ ಕುಟುಂಬಕ್ಕೂ ಇತ್ತು. ಹೀಗಾಗಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ರಾಘವೇಂದ್ರ ರಾಜ್‌ಕುಮಾರ್ ಮತ್ತು ಅಂದೇ ತಮ್ಮ ಚಿತ್ರದ ಬಿಡುಗಡೆಯನ್ನು ಕಂಡಿದ್ದ ಶಿವರಾಜ್‌ಕುಮಾರ್ ತಮ್ಮನ ಸಾವಿಗೆ ಅಳುವುದರ ಜೊತೆಗೇ ಒಂದು ಮಹಾನಗರದ ಶಾಂತಿಗೂ ಹೊಣೆಗಾರರಾದರು. ವಿದೇಶದಲ್ಲಿ ಓದುತ್ತಿದ್ದ ಹಿರಿಯ ಮಗಳು ಬರುವವರೆಗೆ ಕಾದು, ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನರ ದರ್ಶನ ಮುಗಿಸಿ, ಅಕ್ಟೋಬರ್ 31ರ ನಸುಕಿನಲ್ಲಿ ಪಾರ್ಥಿವ ಶರೀರವನ್ನು ಯಶವಂತಪುರದಾಚೆಯ ಗೊರಗುಂಟೆಪಾಳ್ಯದ ಸಮೀಪ ಹೊರವರ್ತುಲ ರಸ್ತೆಗೆ ಹೊಂದಿಕೊಂಡಿರುವ ಕಂಠೀರವ ಸ್ಟುಡಿಯೊಗೆ ತಂದು, ತಂದೆತಾಯಿಯ ಸಮಾಧಿಗಳ ಬಳಿ ಸರ್ಕಾರಿ ಗೌರವದೊಂದಿಗೆ ಸಮಾಧಿ ಮಾಡಲಾಯಿತು. ಗಂಡುಮಕ್ಕಳಿಲ್ಲದ ಪುನೀತ್ ಅವರ ಅಂತ್ಯವಿಧಿಗಳನ್ನು ರಾಘವೇಂದ್ರ ಅವರ ಮಗ ವಿನಯ್ ನೆರವೇರಿಸಿದರು. ಐದನೆಯ ದಿನ ಸಮಾಧಿಗೆ ಹಾಲು ಮತ್ತು ತುಪ್ಪ ಎರೆದು ಎಡೆ ಇಡುವ, ಹಳೆಯ ಮೈಸೂರು ಸೀಮೆಯಲ್ಲಿ ‘ಹಾಲು ತುಪ್ಪ’ ಎಂದೇ ಕರೆಯುವ ಕಾರ್ಯ, ಬಳಿಕ ಹನ್ನೊಂದನೆಯ ದಿನದ ಕಾರ್ಯ, ಅನ್ನಸಂತರ್ಪಣೆ, ನವೆಂಬರ್ 16ರಂದು ಅರಮನೆ ಮೈದಾನದಲ್ಲಿ ಚಿತ್ರರಂಗದ ನಮನ ಹೀಗೆ ಒಂದರ ಹಿಂದೊಂದು ಸಾಗಿದವು. ಇವೆಲ್ಲದರಲ್ಲೂ ಅಣ್ಣಂದಿರು ಆತಿಥೇಯರು. ಬಂದವರನ್ನು ಬರಮಾಡಿಕೊಳ್ಳುವವರು, ಅಳುವ ಅಭಿಮಾನಿಯನ್ನು ಸಮಾಧಾನಪಡಿಸಿ ಕಳುಹಿಸುವವರು.

ಪತ್ರಿಕೆಗಳೂ ವಾಹಿನಿಗಳೂ ಅಣ್ಣಂದಿರ ಕಣ್ಣೀರನ್ನು ತೋರಿಸಿದ ಪ್ರಮಾಣಕ್ಕೆ ಹೋಲಿಸಿದರೆ ಅಕ್ಕಂದಿರಾದ ಲಕ್ಷ್ಮಿ ಮತ್ತು ಪೂರ್ಣಿಮಾ ಅವರ ಕುರಿತು ಬಂದದ್ದು ತೀರ ಕಡಿಮೆ. ಅವರು ತೆರೆಯ ಮೇಲಿನವರಲ್ಲ ಎಂಬುದು ಒಂದು ಕಾರಣ. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣಿನ ಶೋಕವನ್ನು ತವರಿನ ಶೋಕದ ಅಂಚಿನಲ್ಲಿಡುವ ಹಳೆಯ ರೂಢಿ ಇನ್ನೊಂದು.

ಆ ರೂಢಿಗೆ ಲೆಕ್ಕವೂ ಇದೆ. ಸಾವಿನ ನಂತರ ಸಂಬಂಧಿಕರು ಶುಭಕಾರ್ಯ ಮತ್ತು ದೇವತಾಕಾರ್ಯಗಳಿಂದ ದೂರವಿರಬೇಕಾದ ಅವಧಿಗೆ ಸೂತಕ ಎನ್ನುತ್ತಾರೆ. ಧರ್ಮಶಾಸ್ತ್ರಗಳು ಅದನ್ನು ಸಂಬಂಧದ ನಿಕಟತೆಗೆ ತಕ್ಕಂತೆ ಅಳೆದಿವೆ. ಹತ್ತು ದಿನದ ಪೂರ್ಣ ಸೂತಕ ಪಾಲಿಸುವ ಮನೆತನಗಳಲ್ಲಿ, ಜೊತೆಗೆ ಬೆಳೆಯದ ದೂರದ ದಾಯಾದಿಗೂ ಆ ಹತ್ತು ದಿನ ಅನ್ವಯಿಸುವಾಗ, ಒಂದೇ ಹೊಟ್ಟೆಯಲ್ಲಿ ಹುಟ್ಟಿ ಮದುವೆಯಿಂದ ಗೋತ್ರ ಬದಲಿಸಿಕೊಂಡ ಅಕ್ಕ ಅಥವಾ ತಂಗಿಗೆ ಅದು ಬಹುಮಟ್ಟಿಗೆ ಮೂರು ದಿನಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ. ಹಿರಿಯರು ಕಿರಿಯರ ಕಳೇಬರಕ್ಕೆ ನಮಸ್ಕರಿಸಬಾರದು, ಕರ್ಮ ಮಾಡಬಾರದು ಎಂಬ ನಂಬಿಕೆ ಅನೇಕ ಮನೆಗಳಲ್ಲಿ ಇನ್ನೂ ಇದೆ. ಹೀಗೆ ತಮ್ಮನನ್ನು ಕಳೆದುಕೊಂಡ ಅಣ್ಣನಿಗೆ ವ್ಯವಸ್ಥೆಯ ಭಾರವೆಲ್ಲ ಸಿಕ್ಕರೂ ವಿಧಿಯಲ್ಲಿ ಕೈಯಿಡುವ ಅವಕಾಶ ಸಿಗದೆ ಹೋಗಬಹುದು.

ಈ ಅನುಭವಕ್ಕೆ ಕನ್ನಡ ಕಾವ್ಯ ಸಾವಿರ ವರ್ಷದ ಹಿಂದೆಯೇ ಸ್ಪಷ್ಟವಾದ ರೂಪ ಕೊಟ್ಟಿದೆಯೆಂಬುದು ಗಮನಾರ್ಹ. ಹತ್ತನೆಯ ಶತಮಾನದ ಕೊನೆಯಲ್ಲಿ ಮುಧೋಳದ ರನ್ನ ರಚಿಸಿದ ‘ಗದಾಯುದ್ಧ’ದಲ್ಲಿ, ಸಂಜಯನೊಡನೆ ರಣರಂಗವನ್ನು ದಾಟುವ ದುರ್ಯೋಧನ ದ್ರೋಣನ, ಮಗ ಲಕ್ಷ್ಮಣಕುಮಾರನ, ತಮ್ಮ ದುಶ್ಶಾಸನನ, ಗೆಳೆಯ ಕರ್ಣನ ಹೆಣಗಳನ್ನು ನೋಡುತ್ತ ಹೋಗುತ್ತಾನೆ. ಮಗನ ಮುಂದೆ ನಿಂತಾಗ, ಮಗ ತಂದೆಗೆ ಬಿಡಬೇಕಾದ ತರ್ಪಣವನ್ನು ತಂದೆ ಮಗನಿಗೆ ಬಿಡುವಂತಾಯಿತೆಂಬ ಸಂಕಟ ಅವನದು. ಅದರಲ್ಲಿ ವಿಧಿಯ, ಕರ್ತವ್ಯದ ಭಾಷೆಯಿದೆ. ತಮ್ಮನ ಮುಂದೆ ನಿಂತಾಗ ಅವನಿಗೆ ನೆನಪಾಗುವುದು ಬಾಲ್ಯ: ತಾಯಿಯ ಮೊಲೆಹಾಲನ್ನು ಮೊದಲು ಕುಡಿದವನು ತಾನು, ಆಮೇಲೆ ತಮ್ಮ, ತಿನ್ನುವುದರಲ್ಲಿ, ಕುಡಿಯುವುದರಲ್ಲಿ ಸದಾ ತನ್ನ ಹಿಂದೆ ಬರುತ್ತಿದ್ದವನು ಸಾಯುವುದರಲ್ಲಿ ಮಾತ್ರ ತನ್ನನ್ನು ಹಿಂದಿಕ್ಕಿ ಶಿಷ್ಟಾಚಾರ ಮೀರಿದನೆಂಬ ಆಕ್ಷೇಪ. ತಮ್ಮನನ್ನು ಬೈಯುವ ಧಾಟಿಯಲ್ಲೇ ಅಳುವ ಈ ಅಣ್ಣ ಖಳನಾಯಕನೆಂಬುದನ್ನು ಓದುಗರು ಆ ಕ್ಷಣಕ್ಕೆ ಮರೆಯುತ್ತಾರೆ. ರನ್ನ ಇಲ್ಲಿ ಒಂದು ಸೂಕ್ಷ್ಮವನ್ನು ಹಿಡಿದಿದ್ದಾನೆ: ಒಡಹುಟ್ಟಿದವರ ಸಂಬಂಧವೆಂದರೆ ಮೊದಲು ಯಾರು, ಆಮೇಲೆ ಯಾರು ಎಂಬ ಸರದಿಯ ಸಂಬಂಧ, ಸ್ನಾನಕ್ಕೆ, ಶಾಲೆಗೆ, ಸೈಕಲ್ಲಿಗೆ, ಮದುವೆಗೆ ಇದ್ದ ಸರದಿ ಸಾವಿನಲ್ಲಿ ಕದಡಿದಾಗ ದುಃಖದ ಜೊತೆ ಒಂದು ಬಗೆಯ ಸಿಟ್ಟೂ ಹುಟ್ಟುತ್ತದೆ, ಮತ್ತು ಆ ಸಿಟ್ಟನ್ನು ಹೊರಗೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆಧುನಿಕ ಮನೋವಿಜ್ಞಾನ ಈ ವಿಷಯಕ್ಕೆ ತಡವಾಗಿ ಬಂತು. ಅಮೆರಿಕದ ಕೆನೆತ್ ಡೋಕಾ 1989ರಲ್ಲಿ, ಸಮಾಜ ಬಹಿರಂಗವಾಗಿ ಗುರುತಿಸದ, ಆಚರಿಸಲು ಅವಕಾಶ ಕೊಡದ ಶೋಕವನ್ನು ಹಕ್ಕುವಂಚಿತ ಶೋಕವೆಂಬ ಪರಿಕಲ್ಪನೆಯಡಿ ವಿವರಿಸಿದರು; ಪ್ರೌಢ ವಯಸ್ಸಿನ ಒಡಹುಟ್ಟಿದವರ ಶೋಕಕ್ಕೆ ಈ ಪರಿಕಲ್ಪನೆ ಹೆಚ್ಚಾಗಿ ಬಳಕೆಯಾಗುತ್ತದೆ. ಸ್ವೀಡನ್ನಿನ ಮೈಕೆಲ್ ರೊಸ್ತಿಲಾ ಮತ್ತು ಸಂಗಡಿಗರು ಇಡೀ ದೇಶದ ಜನನ ಮರಣ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಒಡಹುಟ್ಟಿದವರನ್ನು ಕಳೆದುಕೊಂಡವರಲ್ಲಿ ಮರಣದ ಅಪಾಯ ಇತರರಿಗಿಂತ ಹೆಚ್ಚಿರುವುದು ಕಂಡುಬಂತು; ಹೃದಯಾಘಾತದ ಸಾವನ್ನು ಪ್ರತ್ಯೇಕವಾಗಿ ಪರಿಶೀಲಿಸಿದ ಅಧ್ಯಯನದಲ್ಲಿ ಈ ಏರಿಕೆ ಸಾವಿನ ತಕ್ಷಣಕ್ಕಿಂತ ಕೆಲವು ವರ್ಷಗಳ ನಂತರ ಎದ್ದು ಕಂಡಿತು. ಹಂಚಿಕೊಂಡ ಅನುವಂಶೀಯತೆ ಎಷ್ಟು, ಒಳಗೇ ಉಳಿದ ದುಃಖ ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ವೈದ್ಯರಂತೂ ಮೊದಲನೆಯದನ್ನು ಹಗುರವಾಗಿ ಪರಿಗಣಿಸುವುದಿಲ್ಲ: ಗಂಡಸರಲ್ಲಿ 55ಕ್ಕೆ ಮುನ್ನ, ಹೆಂಗಸರಲ್ಲಿ 65ಕ್ಕೆ ಮುನ್ನ ಹೃದಯದ ರಕ್ತನಾಳದ ಕಾಯಿಲೆ ಬಂದಿದ್ದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ ಅಪಾಯ ಹೆಚ್ಚೆಂಬುದು ವೈದ್ಯಕೀಯದ ಸಾಮಾನ್ಯ ತಿಳಿವಳಿಕೆ. ಪುನೀತ್ ನಿಧನದ ನಂತರದ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ತಪಾಸಣೆಗಾಗಿ ಜನ ಮುಗಿಬಿದ್ದರು. ಅವರಲ್ಲಿ ಹೆಚ್ಚಿನವರು ಅಭಿಮಾನಿಗಳು, ಆತಂಕಗೊಂಡ ಯುವಕರು. ಸಾಮಾನ್ಯ ಮನೆಯಲ್ಲಿ ನಲವತ್ತರ ಅಣ್ಣ ಹೃದಯಾಘಾತದಿಂದ ತೀರಿಕೊಂಡಾಗ ಆ ಸಾಲಿನಲ್ಲಿ ನಿಜಕ್ಕೂ ನಿಲ್ಲಬೇಕಾದ ತಮ್ಮ ವೈಕುಂಠ ಸಮಾರಾಧನೆಯ ಅಡಿಗೆಯವರನ್ನು ಹುಡುಕುತ್ತಿರುತ್ತಾನೆ.

ಕಾನೂನಿನ ದೃಷ್ಟಿ ಇನ್ನೂ ನೇರ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ಸತ್ತ ಪುರುಷನ ಆಸ್ತಿ ಮೊದಲು ಹೆಂಡತಿ, ಮಕ್ಕಳು, ತಾಯಿ ಮೊದಲಾದ ಒಂದನೆಯ ವರ್ಗದ ವಾರಸುದಾರರಿಗೆ ಸೇರುತ್ತದೆ. ಎರಡನೆಯ ವರ್ಗದಲ್ಲಿಯೂ ತಂದೆಯ ನಂತರದ ನಮೂದಿನಲ್ಲಿ ಅಣ್ಣತಮ್ಮ, ಅಕ್ಕತಂಗಿಯರು ಬರುತ್ತಾರೆ. ಆಸ್ತಿಯ ಮಟ್ಟಿಗೆ ಈ ಕ್ರಮಕ್ಕೆ ಸಮರ್ಥನೆಯಿದೆ. ಯಲಹಂಕ ಉಪನಗರದಲ್ಲೋ ಆರ್.ಟಿ. ನಗರದಲ್ಲೋ ಅಪ್ಪ ಕಟ್ಟಿಸಿದ ಮನೆಯ ಕೆಳಗಿನ ಮಹಡಿ ಅಣ್ಣನಿಗೆ, ಮೇಲಿನ ಮಹಡಿ ತಮ್ಮನಿಗೆ ಎಂದು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದವರ ಪೈಕಿ ಒಬ್ಬರು ಹಠಾತ್ತನೆ ಹೋದಾಗ, ಉಳಿದವರು ಅತ್ತಿಗೆಯ ಹಕ್ಕನ್ನು ಒಪ್ಪಿಕೊಳ್ಳುವಂತೆ ಮಾಡುವುದು ಇದೇ ಕಾನೂನು. (ಅಂಥ ಮನೆಗಳಲ್ಲಿ ಖಾತೆ ಬದಲಾವಣೆಯ ಅರ್ಜಿ ಹಲವೊಮ್ಮೆ ಶೋಕಕ್ಕಿಂತ ಮೊದಲೇ ಬಾಯಿ ತೆರೆಯುತ್ತದೆ.) ಅಪಘಾತ ಪರಿಹಾರದ ವಿಷಯ ಬೇರೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ವಿರುದ್ಧ ಸಾಕ್ಷ್ಯವಿಲ್ಲದಿದ್ದರೆ ಸತ್ತವರ ಸಹೋದರ ಸಹೋದರಿಯರನ್ನು ಅವಲಂಬಿತರೆಂದು ಪರಿಗಣಿಸಲಾಗದು, ಏಕೆಂದರೆ ಅವರು ಸ್ವತಂತ್ರವಾಗಿ ಗಳಿಸುವವರೋ, ಮದುವೆಯಾದವರೋ, ತಂದೆಯನ್ನು ನೆಚ್ಚಿದವರೋ ಆಗಿರುತ್ತಾರೆ ಎಂದಿತು. 2018ರ ಮ್ಯಾಗ್ಮಾ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆಪ್ತರ ಒಡನಾಟ ಮತ್ತು ಆಸರೆ ಕಳೆದುಕೊಂಡದ್ದಕ್ಕೆ ಕೊಡುವ ಸಾಹಚರ್ಯ ನಷ್ಟದ ಪರಿಹಾರವೆಂದು ಮೃತನ ತಂದೆಗೂ ಸಹೋದರಿಗೂ ತಲಾ 40,000 ರೂಪಾಯಿ ನೀಡಿತು. ಆದರೆ ಅದು ಹೆಸರಿಸಿದ ವಿಧಗಳು ದಂಪತಿಯ ನಡುವಿನ, ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳ, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯ ಸಾಹಚರ್ಯ ಎಂಬ ಮೂರೇ. ಒಡಹುಟ್ಟಿದವರ ಸಾಹಚರ್ಯಕ್ಕೆ ಬೇರೆ ಹೆಸರಿಲ್ಲ. ಸಹೋದರಿಗೆ ಹಣ ಬಂದದ್ದು ಬೇರೊಂದು ಸಂಬಂಧದ ಶೀರ್ಷಿಕೆಯಡಿ.

ಉದ್ಯೋಗದಾತರ ಮಟ್ಟಿಗೆ, ಶೋಕಕ್ಕೆಂದು ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಭಾರತದಲ್ಲಿಲ್ಲ. ನಾಗವಾರ, ಹೆಬ್ಬಾಳ ಸುತ್ತಲಿನ ತಂತ್ರಜ್ಞಾನ ಪಾರ್ಕುಗಳ ಕಂಪನಿಗಳು ಕೊಡುವುದು ತಮ್ಮ ತಮ್ಮ ನಿಯಮದಂತೆ, ಕಾರ್ಖಾನೆಯ ಗುತ್ತಿಗೆ ಕಾರ್ಮಿಕ ಕಳೆದುಕೊಳ್ಳುವುದು ತನ್ನ ದಿನದ ಕೂಲಿಯನ್ನು.

ಇಷ್ಟನ್ನೂ ಹೇಳಿದ ಮೇಲೆ, ಕೆಲಸವೆಂಬುದು ಶೋಕದ ಶತ್ರು ಎಂಬ ತೀರ್ಮಾನಕ್ಕೆ ಬಂದರೆ ತಪ್ಪಾಗುತ್ತದೆ. ನೆದರ್‌ಲ್ಯಾಂಡ್ಸ್‌ನ ವಿದ್ವಾಂಸರಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮಂಡಿಸಿದ ಇಮ್ಮುಖ ಪ್ರಕ್ರಿಯೆಯ ಮಾದರಿಯ ಪ್ರಕಾರ, ಶೋಕದಲ್ಲಿರುವವರು ನಷ್ಟದತ್ತ ಒಮ್ಮೆ, ಬದುಕಿನ ವ್ಯವಹಾರದತ್ತ ಇನ್ನೊಮ್ಮೆ ಓಲಾಡುತ್ತಿರುತ್ತಾರೆ, ಮತ್ತು ಆ ಓಲಾಟವೇ ಆರೋಗ್ಯಕರ. ಒಡಹುಟ್ಟಿದವರ ಮಟ್ಟಿಗಿನ ತೊಡಕೆಂದರೆ, ಅವರಿಗೆ ಕೊಡಲಾಗುವ ಕೆಲಸಗಳೆಲ್ಲ ಬೇರೆಯವರ ಶೋಕದ ಅನುಕೂಲಕ್ಕಾಗಿ ಇರುವಂಥವು. ತಮ್ಮ ಸಂಬಂಧಕ್ಕೇ ಸೇರಿದ ಕೆಲಸ ಅವರಿಗೆ ಅಪರೂಪಕ್ಕೆ ಸಿಗುತ್ತದೆ.

ಶಿವರಾಜ್‌ಕುಮಾರ್ ಅವರಿಗೆ ಅಂಥದೊಂದು ಕೆಲಸ ಸಿಕ್ಕಿತು. ಚೇತನ್ ಕುಮಾರ್ ನಿರ್ದೇಶನದ ‘ಜೇಮ್ಸ್’ ಚಿತ್ರದ ಚಿತ್ರೀಕರಣ ಬಹುಪಾಲು ಮುಗಿದಿದ್ದರೂ ಪುನೀತ್ ತಮ್ಮ ಪಾತ್ರಕ್ಕೆ ಧ್ವನಿ ಕೊಡುವ ಮುನ್ನವೇ ತೀರಿಕೊಂಡಿದ್ದರು. ಆ ಪಾತ್ರಕ್ಕೆ ಅಣ್ಣ ಡಬ್ಬಿಂಗ್ ಮಾಡಿದರು. ಡಬ್ಬಿಂಗ್ ಎಂದರೆ ತೆರೆಯ ಮೇಲಿನ ತುಟಿಗಳ ಚಲನೆಗೆ ಹೊಂದಿಸಿ ಸ್ಟುಡಿಯೊದಲ್ಲಿ ಮಾತನ್ನು ಮತ್ತೆ ದಾಖಲಿಸುವುದು. ಒಂದೊಂದು ವಾಕ್ಯಕ್ಕೂ ಅದೇ ತುಣುಕನ್ನು ಮತ್ತೆ ಮತ್ತೆ ಓಡಿಸಿ, ಎದುರಿನ ಮುಖದ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊರಡುತ್ತದೆ ಎಂಬುದನ್ನು ಗಮನಿಸಿ, ಅಲ್ಲಿ ತನ್ನ ಉಸಿರನ್ನು ಇಡಬೇಕಾಗುತ್ತದೆ. ಯಾವ ಧರ್ಮಶಾಸ್ತ್ರವೂ ವಿಧಿಸದ ಈ ಕರ್ಮವನ್ನು ಅಣ್ಣ ತಮ್ಮನಿಗಾಗಿ ಮಾಡಿದರು. ಪುನೀತ್ ಹುಟ್ಟುಹಬ್ಬವಾದ 2022ರ ಮಾರ್ಚ್ 17ರಂದು ಚಿತ್ರ ಬಿಡುಗಡೆಯಾಯಿತು. ಅಣ್ಣಂದಿರಿಬ್ಬರೂ ಅದರಲ್ಲಿ ಸಣ್ಣ ಪಾತ್ರಗಳಲ್ಲಿ ಕಾಣಿಸಿಕೊಂಡಿದ್ದರು. ಏಪ್ರಿಲ್ 22ರಂದು ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ಧ್ವನಿಯನ್ನು ಅಳವಡಿಸಿದ ಆವೃತ್ತಿ ಚಿತ್ರಮಂದಿರಗಳಿಗೆ ಬಂತು. ಅಭಿಮಾನಿಗಳ ಅಪೇಕ್ಷೆ ಸಹಜವಾದದ್ದೇ. ಆದರೂ ಮೊದಲ ಆವೃತ್ತಿಯ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ಒಬ್ಬ ಅಣ್ಣನ ಶೋಕದ ದಾಖಲೆಯಾಗಿ ಕನ್ನಡ ಚಿತ್ರರಂಗದಲ್ಲಿ ಅದಕ್ಕೆ ಸಮನಾದದ್ದು ಕಾಣದು.

ಸಾಹಿತ್ಯದಲ್ಲಿ ಅದರ ಪಕ್ಕ ಇಡಬಹುದಾದದ್ದು ಅನಂತ್‌ನಾಗ್ ಬರೆದ ‘ನನ್ನ ತಮ್ಮ ಶಂಕರ’. 1954ರಲ್ಲಿ ಹುಟ್ಟಿದ ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡಿನ ಬಳಿ ಕಾರು ಅಪಘಾತದಲ್ಲಿ ಮೃತರಾದಾಗ ಅವರಿಗೆ 36 ತುಂಬಿರಲಿಲ್ಲ. ಅಣ್ಣ ಅನಂತ್‌ನಾಗ್ ಆರು ವರ್ಷ ಹಿರಿಯರು. ಶಂಕರ್ ನಿರ್ದೇಶಿಸಿದ ‘ಮಿಂಚಿನ ಓಟ’ದಿಂದ ‘ಮಾಲ್ಗುಡಿ ಡೇಸ್’ವರೆಗೆ ಅಣ್ಣತಮ್ಮಂದಿರು ಕೂಡಿ ಕೆಲಸ ಮಾಡಿದ್ದರು. ‘ಆಟೊ ರಾಜ’ ಎಂದೇ ನೆನಪಾಗುವ ಶಂಕರ್ ಅವರ ಹೆಸರು, ಚಿತ್ರ ಹೊತ್ತ ಆಟೊ ನಿಲ್ದಾಣಗಳು ಇಂದಿಗೂ ಬೆಂಗಳೂರಿನಲ್ಲಿವೆ, ಪುನೀತ್ ಭಾವಚಿತ್ರವಂತೂ ಯಶವಂತಪುರದ ಮಾರುಕಟ್ಟೆಯ ಲಾರಿಗಳಿಂದ ಯಲಹಂಕದ ಹೋಟೆಲಿನ ಗಲ್ಲಾಪೆಟ್ಟಿಗೆಯವರೆಗೆ ಎಲ್ಲೆಡೆ ಇದೆ. ನಾಡಿನ ಪ್ರೀತಿ ಸತ್ತವರನ್ನು ತನ್ನವರನ್ನಾಗಿ ಮಾಡಿಕೊಳ್ಳುವಾಗ ಒಡಹುಟ್ಟಿದವರು ತಮ್ಮ ಪಾಲನ್ನು ಬೇರೆಯಾಗಿ ಬರೆದಿಡಬೇಕಾಗುತ್ತದೆ. ಅನಂತ್‌ನಾಗ್ ಪುಸ್ತಕದ ಶೀರ್ಷಿಕೆಯಲ್ಲಿರುವುದು ಆ ಪಾಲೇ.

ಪುಸ್ತಕವಾಗಲಿ ಸಿನಿಮಾ ಆಗಲಿ ಎಲ್ಲರ ಕೈಗೆಟುಕುವಂಥವಲ್ಲ. ಸಾಮಾನ್ಯ ಮನೆಗಳಲ್ಲಿ ಒಡಹುಟ್ಟಿದವರ ನೆನಪಿಗೆ ದಿನ ಗೊತ್ತುಮಾಡುವುದು ಪಂಚಾಂಗ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಬಾಗಿನ, ನಾಗರಪಂಚಮಿಗೆ ಕರೆಯಲು ಬರುವ ಅಣ್ಣ, ದೀಪಾವಳಿಯ ನಂತರದ ಯಮದ್ವಿತೀಯೆ, ಅಕ್ಕತಂಗಿಯರ ಮಕ್ಕಳ ಮದುವೆಯಲ್ಲಿ ಸೋದರಮಾವನಿಗಿರುವ ಸ್ಥಾನ, ಇವೆಲ್ಲ ಆ ಸಂಬಂಧದ ಮೇಲೆಯೇ ನಿಂತಿವೆ. ಹಬ್ಬ ಬಿಡುವ ಮೊದಲ ವರ್ಷ ಎಲ್ಲರಿಗೂ ಕಾರಣ ಗೊತ್ತಿರುತ್ತದೆ. ಎರಡನೆಯ ವರ್ಷದಿಂದ ಬಾಗಿನವನ್ನು ಅತ್ತಿಗೆ ಕಳುಹಿಸಬೇಕೇ, ಉಳಿದ ತಮ್ಮ ಕೊಡಬೇಕೇ ಎಂಬ ಪ್ರಶ್ನೆ ಎದ್ದಾಗ ತಂಗಿಯ ದುಃಖ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆ, 6 ತಿಂಗಳಿಗೂ ಮೀರಿ ತೀವ್ರವಾಗಿ ಉಳಿದು ದೈನಂದಿನ ಬದುಕನ್ನು ಕೆಡಿಸುವ ಶೋಕವನ್ನು ದೀರ್ಘಕಾಲಿಕ ಶೋಕದ ತೊಂದರೆಯೆಂದು ಗುರುತಿಸುತ್ತದೆ, ಆದರೆ ಅದು ಆಯಾ ಸಂಸ್ಕೃತಿಯ ರೂಢಿಯನ್ನು ಮೀರಿರಬೇಕೆಂಬ ಷರತ್ತನ್ನೂ ಹಾಕುತ್ತದೆ. ಹಬ್ಬದಿಂದ ಹಬ್ಬಕ್ಕೆ ಮರುಕಳಿಸುವ ದುಃಖವನ್ನಷ್ಟೇ ಕಂಡು ರೋಗವೆಂದು ಹೆಸರಿಡುವ ಹಾಗಿಲ್ಲ.

ಮನೆಯಲ್ಲಿ ಉಳಿದವರು ಮಗುವಾಗಿದ್ದರೆ ಸ್ಥಿತಿ ಇನ್ನೂ ನಾಜೂಕು. ಅಕ್ಕನನ್ನು ಅಪಘಾತದಲ್ಲಿ ಕಳೆದುಕೊಂಡ ಆರು ವರ್ಷದ ಹುಡುಗನಿಗೆ ‘ದೇವರ ಹತ್ತಿರ ಹೋಗಿದ್ದಾಳೆ’, ‘ಮಲಗಿದ್ದಾಳೆ’ ಎಂದು ಹೇಳುವುದು ಹಿರಿಯರಿಗೆ ಸುಲಭ; ಮಗು ಮಲಗಲು ಹೆದರುತ್ತದೆ, ಅಥವಾ ಹೋದವಳು ಯಾವಾಗ ಬರುತ್ತಾಳೆಂದು ಕಾಯುತ್ತದೆ. ಸತ್ತವರ ದೇಹ ಕೆಲಸ ನಿಲ್ಲಿಸಿದೆ, ಅವರು ಮರಳಿ ಬರುವುದಿಲ್ಲ, ಇದು ನಿನ್ನ ಜಗಳದಿಂದಲೋ ಬೈಗುಳದಿಂದಲೋ ಆದದ್ದಲ್ಲ ಎಂಬ ಮೂರು ಸಂಗತಿಗಳನ್ನು ನೇರ ಮಾತಿನಲ್ಲಿ, ಕೇಳಿದಷ್ಟು ಸಲ ಹೇಳಬೇಕೆಂದು ಮಕ್ಕಳ ಮನೋವೈದ್ಯರು ಸೂಚಿಸುತ್ತಾರೆ. ಮೂರನೆಯದು ಮುಖ್ಯ, ಏಕೆಂದರೆ ಹಿಂದಿನ ದಿನ ಪೆನ್ಸಿಲಿಗಾಗಿ ಕಿತ್ತಾಡಿ ‘ನೀನು ಸಾಯಿ’ ಎಂದಿರದ ಒಡಹುಟ್ಟಿದವರು ಕಡಿಮೆ. ಶಾಲೆಗೆ ವಿಷಯ ತಿಳಿಸದಿದ್ದರೆ, ‘ನನ್ನ ಕುಟುಂಬ’ ಎಂಬ ಪ್ರಬಂಧ ಬರೆಯಲು ಹೇಳಿದ ಶಿಕ್ಷಕರಿಗೆ ಒಂದು ಮಗು ಮಾತ್ರ ಬರೆಯದೆ ಕುಳಿತ ಕಾರಣ ತಿಳಿಯುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಕರೆ ಮಾಡುವವರು ಸತ್ತವರಿಗೆ ತಾಯಿಯೋ, ಹೆಂಡತಿಯೋ, ತಮ್ಮನೋ ಎಂಬುದರ ಮೇಲೆ ಅಲ್ಲಿ ಸರದಿ ನಿರ್ಧಾರವಾಗುವುದಿಲ್ಲ.